ಒರೊಜಾಲಿ ಅಗಾಯ್ ಬ್ಲಾಗು ಬರೆದದ್ದು

ಕಿರ್ಗಿಜ್ ನಾಡಿನ ತಲಾಸ್ ಊರಿನಲ್ಲಿ ಒರೊಜಾಲಿ ಅಗಾಯ್ ಅಂದರೆ ಗೊತ್ತಿಲ್ಲದವರಿಲ್ಲ. ಮೇಷ್ಟರಾದವರನ್ನು ಅಲ್ಲಿ ಕರೆಯುವುದೇ ಅಗಾಯ್ ಎಂದು, ನಿವೃತ್ತರಾದರೂ ಆ ಮರ್ಯಾದೆ ಬಿಟ್ಟುಹೋಗುವುದಿಲ್ಲ. ಸೋವಿಯತ್ ಕಾಲದಲ್ಲಿ ಅವರು ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ನಿರೀಶ್ವರವಾದ ಕಲಿಸುತ್ತಿದ್ದರು. ಆಗ ಅದೂ ಒಂದು ಸಬ್ಜೆಕ್ಟು. ಪರೀಕ್ಷೆ ಇತ್ತು, ಅಂಕ ಇತ್ತು, ಫೇಲಾದವರು ಮತ್ತೆ ಕೂತು ಬರೆಯಬೇಕಿತ್ತು. ಎದುರಾಳಿಯ ಮಾತು ಪೂರ್ತಿ ಗೊತ್ತಿಲ್ಲದೆ ಖಂಡಿಸುವುದು ಹೇಡಿಗಳ ಕೆಲಸ ಎಂದು ನಂಬಿದ್ದ ಅಗಾಯ್, ಸತ್ತವರಿಗಾಗಿ ಓದುವ ಅರಬ್ಬಿ ಪ್ರಾರ್ಥನೆಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದರು. ಎಲ್ಲಿ ಸ್ವರ ಎಳೆಯಬೇಕು, ಎಲ್ಲಿ ಉಸಿರು ನಿಲ್ಲಿಸಬೇಕು ಎನ್ನುವುದನ್ನೂ ಬಿಟ್ಟಿರಲಿಲ್ಲ. ಕ್ಲಾಸಿನಲ್ಲಿ ಒಂದು ಸಾಲು ಓದುವರು, ಕನ್ನಡಕ ತೆಗೆದು ಒರೆಸುವರು, "ಈಗ ಇದನ್ನು ವಿಜ್ಞಾನದ ಬೆಳಕಿನಲ್ಲಿ ನೋಡೋಣ" ಎನ್ನುವರು.

ಆಮೇಲೆ ದೇಶ ಒಡೆಯಿತು, ಸಬ್ಜೆಕ್ಟು ರದ್ದಾಯಿತು. ಕಾಲೇಜಿನವರು ಅದೇ ಮೇಷ್ಟರಿಗೆ ಅದೇ ಕೋಣೆಯಲ್ಲಿ 'ಧರ್ಮಗಳ ಇತಿಹಾಸ' ಕಲಿಸಲು ಹೇಳಿದರು. ಅದೇ ವರ್ಷದ ಚಳಿಗಾಲದಲ್ಲಿ ಬೀದಿಯ ಹಳೆಯ ಮುಲ್ಲಾ ತೀರಿಕೊಂಡರು. ಎಲ್ಲರ ಮೇಲೂ ಪ್ರಾರ್ಥನೆ ಓದಿದವರು ಅವರು. ಈಗ ಅವರ ಮೇಲೆ ಓದಲು ಒಬ್ಬರೂ ಇಲ್ಲ. ಮಂಜಿನಲ್ಲಿ ನಿಂತಿದ್ದ ಗಂಡಸರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ ಒಬ್ಬ ಮುದುಕರು ಕೋಲೆತ್ತಿ ಅಗಾಯ್ ಕಡೆ ತೋರಿಸಿದರು. "ಇವನಿಗೆ ಬರುತ್ತೆ. ಬೈಯೋದಕ್ಕಾದ್ರೂ ಕಲಿತಿದ್ನಲ್ಲ. ಓದಯ್ಯಾ!"

ಅಗಾಯ್ ಓದಿದರು. ಅವತ್ತಿನಿಂದ ಊರಿನಲ್ಲಿ ಯಾರು ಸತ್ತರೂ ಮೊದಲು ಇವರ ಗೇಟು ಬಡಿಯುವುದು ರೂಢಿಯಾಯಿತು. ಮುಂದೆ ಹೊರದೇಶದಲ್ಲಿ ಓದಿಬಂದ ಜಮೀರ್‌ಬೆಕ್ ಎಂಬ ಹುಡುಗ ಇಮಾಮನಾಗಿ ಬಂದ ಮೇಲೂ ಆ ರೂಢಿ ತಪ್ಪಲಿಲ್ಲ. ಇಮಾಮ ಬಂದರೆ ಕುದುರೆ ಕಡಿಯಬೇಡಿ, ಎದೆ ಬಡಿದುಕೊಂಡು ಅಳಬೇಡಿ, ಮೇಜಿನ ಮೇಲೆ ವೋಡ್ಕಾ ಇಡಬೇಡಿ ಎಂದು ಶುರು ಮಾಡುತ್ತಾನೆ. ಅಗಾಯ್ ಯಾವುದಕ್ಕೂ ಬಾಯಿ ಹಾಕುವುದಿಲ್ಲ. ಸತ್ತವನ ಏಳು ತಲೆಮಾರಿನ ಹೆಸರು ಗೊತ್ತು, ಗಂಟಲು ಚೆನ್ನಾಗಿದೆ, ಬೇಗ ಮುಗಿಸುತ್ತಾರೆ. ಜನಕ್ಕೆ ಇನ್ನೇನು ಬೇಕು?

ಇದು ಅಗಾಯ್ ಅವರನ್ನು ಒಳಗೇ ಕೊರೆಯುತ್ತಿತ್ತು. ಅವರು ನಂಬಿದವರಲ್ಲ, ಈಗಲೂ ನಂಬುವುದಿಲ್ಲ. ಇದನ್ನು ಹೇಳಿಕೊಳ್ಳಲು ಅವರಿಗಿದ್ದದ್ದು ಒಬ್ಬನೇ ಗೆಳೆಯ, ಭೌತಶಾಸ್ತ್ರದ ಮೇಷ್ಟರು ಎಸೆನ್‌ಕುಲ್. ಇಬ್ಬರೂ ಶನಿವಾರ ಚದುರಂಗ ಆಡುವರು. ಎಸೆನ್‌ಕುಲ್ ಪ್ರತಿ ಸಲವೂ ಕಾಯಿ ಎತ್ತಿಡುತ್ತ ಒಂದೇ ಮಾತು ಹೇಳುವರು: "ನಾನು ಸತ್ರೆ ನನ್ನ ಮೇಲೆ ಯಾರೂ ಏನೂ ಓದ್ಕೂಡ್ದು. ಅದ್ರಲ್ಲೂ ನೀನು ಬಾಯಿ ಬಿಟ್ಟೆಯೋ, ಎದ್ದು ಬಂದು ಒದೀತೀನಿ."

"ಏಳೋದೇ ಇಲ್ಲ ಅನ್ನೋನು ಎದ್ದು ಬರೋದು ಹೇಗಯ್ಯಾ?" ಎಂದು ಅಗಾಯ್ ನಗುವರು. ಆದರೆ ಮಾತು ಕೊಟ್ಟಿದ್ದರು.

ಬೀನ್ಸ್ ಕೊಯ್ಲು ಮುಗಿದು ಮೂಟೆಗಳೆಲ್ಲ ಲಾರಿ ಹತ್ತಿದ ವಾರ ಎಸೆನ್‌ಕುಲ್ ಎದೆನೋವಿನಿಂದ ಹೋಗಿಬಿಟ್ಟರು. ಹೆಣವಿಡಲು ಅವರ ಅಂಗಳದಲ್ಲಿ ಕಂಬಳಿಯ ಗುಡಾರ ಎದ್ದಿತು. ಒಳಗೆ ಗೋಡೆಗೆ ಮುಖ ಮಾಡಿ ಕೂತ ಹೆಂಗಸರ ಹಾಡಿನ ಅಳು, ಹೊರಗೆ ಸೊಂಟಕ್ಕೆ ಬಟ್ಟೆ ಕಟ್ಟಿ ಕೋಲೂರಿ ನಿಂತ ಗಂಡಸರ ಗೋಳು. ಅಗಾಯ್ ಒಂದು ಮೂಲೆಯಲ್ಲಿ ನಿಂತಿದ್ದರು. ಎಸೆನ್‌ಕುಲ್ ಅವರ ಹೆಂಡತಿ ಬುರುಲ್ಚಾ ಗುಡಾರದ ಬಾಗಿಲಿಗೆ ಬಂದು ಇವರನ್ನು ಹುಡುಕಿ, ಕೆಂಪಾದ ಕಣ್ಣಿನಲ್ಲಿ ನೋಡಿ, "ಅಗಾಯ್, ಓದಿ" ಎಂದರು. ಅಷ್ಟೇ ಮಾತು. ಅಗಾಯ್ ಮಂಡಿಯೂರಿ ಓದಿದರು. ಅಷ್ಟು ಚೆನ್ನಾಗಿ ಅವರು ಯಾವತ್ತೂ ಓದಿರಲಿಲ್ಲ ಎಂದು ಆಮೇಲೆ ಜನ ಹೇಳಿದರು. ಹಾಗೆ ಹೇಳಿದವರನ್ನು ಹಿಡಿದು ಬಾರಿಸಬೇಕು ಅನ್ನಿಸಿತ್ತು ಅವರಿಗೆ.

ಆ ಚಳಿಗಾಲ ಅವರು ಸರಿಯಾಗಿ ಊಟ ಮಾಡಲಿಲ್ಲ. ಒಂದು ದಿನ ರೇಡಿಯೋದಲ್ಲಿ, ಈಗ ಯಾರು ಬೇಕಾದರೂ ತಮ್ಮ ಮನಸ್ಸಿನ ಮಾತನ್ನು ಇಂಟರ್ನೆಟ್ಟಿನಲ್ಲಿ ಬರೆದು ಹಾಕಬಹುದು, ಅದಕ್ಕೆ ಬ್ಲಾಗು ಎನ್ನುತ್ತಾರೆ ಎಂದು ಕೇಳಿದರು. ಮನೆಯಲ್ಲಿ ಮಗಳು ಮದುವೆಯಾಗಿ ಹೋಗುವಾಗ ಬಿಟ್ಟ ಕಂಪ್ಯೂಟರು ಇತ್ತು. ಅದರ ಮೇಲೆ ಹೆಂಡತಿ ಸೈರಕಾನ್ ಕಸೂತಿ ಬಟ್ಟೆ ಹೊದಿಸಿ ಹೂಜಿ ಇಟ್ಟಿದ್ದರು. ಅಗಾಯ್ ಹೂಜಿ ತೆಗೆದು ಕೆಳಗಿಟ್ಟರು.

ಬ್ಲಾಗಿಗೆ 'ವೈರುಧ್ಯಗಳು' ಎಂದು ಹೆಸರಿಟ್ಟರು. ವೈರುಧ್ಯವೇ ಎಲ್ಲ ಚಲನೆಯ ಮೂಲ ಎಂದು ಎಷ್ಟೋ ವರ್ಷ ಪಾಠ ಮಾಡಿದವರು ಅವರು. ಎರಡು ವಿರುದ್ಧ ಸಂಗತಿಗಳು ಒಂದೇ ಕಡೆ ಸೇರಿದರೆ ತಿಕ್ಕಾಟವಾಗಲೇಬೇಕು, ತಿಕ್ಕಾಟವಾದರೆ ಏನಾದರೂ ಹೊಸದು ಹುಟ್ಟಲೇಬೇಕು. ತಮ್ಮೊಳಗೆ ಮಾತ್ರ ಅವೆರಡೂ ಒಂದೇ ಕೊಟ್ಟಿಗೆಯ ದನಗಳಂತೆ ಮೈಗೆ ಮೈ ತಾಗಿಸಿ ಮಲಗಿವೆಯಲ್ಲ, ಇದೆಂಥದು? ಊರ ಮುಂದೆ ಇಟ್ಟರೆ ಯಾರಾದರೂ ಜಗಳಕ್ಕೆ ಬಂದಾರು. ಜಗಳವಾದರೆ ದಾರಿ ಕಂಡೀತು.

ಒಂದೇ ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತುತ್ತಿದ್ದವರನ್ನು ನೋಡಿ ಸೈರಕಾನ್, "ಏನ್ರೀ, ಬೆಳಿಗ್ಗೆಯಿಂದ ಕೋಳಿ ಕಾಳು ಹೆಕ್ಕಿದ ಹಾಗೆ ಕುಕ್ತಾನೇ ಇದೀರಾ, ಏನು ಸಿಕ್ತು?" ಎಂದರು.

"ಬದುಕಿನ ವೈರುಧ್ಯಗಳ ಬಗ್ಗೆ ಬರೀತಿದೀನಿ."

"ಹಾಗಾದ್ರೆ ಸಗಣಿ ಬೆರಣಿ ಒಳಗೆ ತರೋರು ಯಾರು ಅನ್ನೋದನ್ನೂ ಬರೀರಿ. ಒಲೆ ಉರೀತಿಲ್ಲ, ಬೆರಣಿ ಎಲ್ಲಾ ಹೊರಗಿದೆ."

ಕೀಬೋರ್ಡು ರಷ್ಯನ್ನಿನದು. ಕಿರ್ಗಿಜ್ ಭಾಷೆಗೆ ಬೇಕಾದ ಮೂರು ಅಕ್ಷರ ಅದರಲ್ಲಿ ಇರಲಿಲ್ಲ. ಅವುಗಳ ಬದಲು ಹತ್ತಿರದ ಅಕ್ಷರಗಳನ್ನೇ ಹಾಕಿ, ಹಲ್ಲು ಕಚ್ಚಿಕೊಂಡು, ಅಗಾಯ್ ಹೀಗೆ ಬರೆದರು: "ನಾನು ನಂಬುವುದಿಲ್ಲ. ಆದರೂ ಓದುತ್ತೇನೆ. ಗೆಳೆಯ ಓದಬೇಡ ಅಂದಿದ್ದ. ಅವನ ಹೆಂಡತಿ ಓದು ಅಂದಳು. ಓದಿದೆ. ಕೇಳಿದವರು ಅತ್ತರು. ನಾನು ಓದಿದ್ದು ಸುಳ್ಳಾದರೆ ಅವರ ಅಳು ಏನು? ಅವರ ಅಳು ನಿಜವಾದರೆ ನಾನು ಏನು?" ಇದರ ಕೆಳಗೆ ಇನ್ನೂ ಉದ್ದಕ್ಕೆ, ಕಾಲೇಜಿನ ದಿನಗಳಿಂದ ಹಿಡಿದು ಎಲ್ಲ. ಕೊನೆಯಲ್ಲಿ ತಮ್ಮ ಪೂರ್ತಿ ಹೆಸರು ಹಾಕಿದರು. ಒರೊಜಾಲಿ, ಅಂದರೆ ಉಪವಾಸದ ತಿಂಗಳಲ್ಲಿ ಹುಟ್ಟಿದವನು. ಆ ಹೆಸರನ್ನು ಒತ್ತುವಾಗಲೂ ಅವರಿಗೆ ಸಿಟ್ಟು ಬಂತು.

ಬಹಳ ದಿನ ಯಾರೂ ಏನೂ ಬರೆಯಲಿಲ್ಲ. ಅಗಾಯ್ ದಿನಕ್ಕೆ ನಾಲ್ಕಾರು ಸಲ ಹೋಗಿ ನೋಡುವರು. ಆಮೇಲೊಂದು ದಿನ ಮೊದಲ ಪ್ರತಿಕ್ರಿಯೆ ಬಂತು. ಅವರು ಕುರ್ಚಿ ಮುಂದಕ್ಕೆಳೆದು ಕೂತರು.

"ಅಗಾಯ್, ನಿಮ್ಮ ಅಕ್ಷರಗಳು ತಪ್ಪು. ಕಿರ್ಗಿಜ್ ಅಕ್ಷರ ಹಾಕುವ ಪ್ರೋಗ್ರಾಮ್ ಇದೆ, ಹಾಕಿಸಿಕೊಳ್ಳಿ."

ಎರಡನೆಯದು ಹಳೆಯ ವಿದ್ಯಾರ್ಥಿಯದು. ರಷ್ಯಾದಲ್ಲಿ ಕಟ್ಟಡ ಕೆಲಸಕ್ಕೆ ಹೋಗಿದ್ದವನು. "ಅಗಾಯ್, ನಮಸ್ಕಾರ! ನೀವು ನನ್ನನ್ನು ಎರಡು ಸಲ ಫೇಲು ಮಾಡಿದ್ದಿರಿ, ನೆನಪಿದೆಯಾ? ನಿಮ್ಮನ್ನು ಇಲ್ಲಿ ನೋಡಿ ಖುಷಿಯಾಯಿತು. ನಮ್ಮಪ್ಪ ತೀರಿಕೊಂಡು ಮೇ ತಿಂಗಳಿಗೆ ವರ್ಷ, ವರ್ಷದ ಊಟ ಇಟ್ಟಿದ್ದೇವೆ. ಓದಲು ನೀವೇ ಬರಬೇಕು. ಬರುತ್ತೀರಾ?"

"ಅಯ್ಯೋ ನಾಯಿಮರಿ!" ಎಂದು, ಗಟ್ಟಿಯಾಗಿ ಓದಿ ಮುಗಿಸಿದ ಅಗಾಯ್ ಕಂಪ್ಯೂಟರಿಗೇ ಬೈದರು. "ನಾನು ನಂಬಲ್ಲ ಅಂತ ಬರ್ದಿದೀನಿ. ಅದರ ಕೆಳಗೇ ಬಂದು ಕರೀತಾನೆ!"

"ಮೇನಲ್ಲಿ ಯಾವತ್ತಂತೆ?" ಎಂದು ಒಳಗಿಂದ ಸೈರಕಾನ್ ಕೇಳಿದರು. "ಅವರಪ್ಪ ಒಳ್ಳೇ ಮನುಷ್ಯ. ಹೋಗ್ಬೇಕು."

ಅವನೇ ಇನ್ನಾರಿಗೋ ಹೇಳಿದನೇನೋ, ಮುಂದಿನ ವಾರಗಳಲ್ಲಿ ಬ್ಲಾಗು ಊರಿನ ನೋಟೀಸು ಬೋರ್ಡಾಯಿತು. ಸಾವಿನ ನಲವತ್ತನೆಯ ದಿನಕ್ಕೆ ಒಬ್ಬರು ಕರೆದರೆ ಹೊಸಮನೆಗೆ ಇನ್ನೊಬ್ಬರು ಕರೆದರು. ಮಾಸ್ಕೋದಲ್ಲಿದ್ದ ಒಬ್ಬಳು, ಗುರುವಾರ ಎಣ್ಣೆಯಲ್ಲಿ ರೊಟ್ಟಿ ಕರಿದು ಹಿರಿಯರಿಗೆ ಪರಿಮಳ ಮುಟ್ಟಿಸುವುದನ್ನು ಬಾಡಿಗೆ ಮನೆಯ ಅಡುಗೆಮನೆಯಲ್ಲಿ ಮಾಡಬಹುದೇ, ಹೊಗೆಯ ಅಲಾರಾಂ ಹೊಡೆದುಕೊಳ್ಳುತ್ತದೆ ಎಂದು ಕೇಳಿದಳು. ಅಗಾಯ್ ಎರಡನೆಯ ಬರಹ ಹಾಕಿದರು, ಮೂರನೆಯದು ಹಾಕಿದರು. 'ದಯವಿಟ್ಟು ವಿಷಯದ ಬಗ್ಗೆ ಮಾತಾಡಿ' ಎಂದು ದಪ್ಪಕ್ಷರದಲ್ಲಿ ಹಾಕಿದರು. ಜನ ಅದಕ್ಕೂ 'ಆಗಲಿ ಅಗಾಯ್, ಆರೋಗ್ಯ ನೋಡಿಕೊಳ್ಳಿ' ಎಂದು ಬರೆದರು.

ಹೆಸರಿಲ್ಲದ ಒಬ್ಬನು ಮಾತ್ರ ಒಂದು ದಿನ ಉರಿದು ಬಿದ್ದ. "ನೀನು ಕಪಟಿ. ನಿನ್ನಂಥವನ ಬಾಯಲ್ಲಿ ಆ ಮಾತು ಬಂದದ್ದೇ ಪಾಪ. ನಿನ್ನನ್ನು ಊರು ಬಿಡಿಸಬೇಕು."

ಅಗಾಯ್ ಮುಖ ಅರಳಿತು. ಕೊನೆಗೂ ಒಬ್ಬ ಎದುರಾಳಿ! ಅಂದು ಅವರು ಸೈರಕಾನ್ ಕೊಟ್ಟ ಚಹಾ ಆರಿಹೋಗುವ ತನಕ ಬರೆದರು. ಆರೋಪವನ್ನು ತುಂಡು ತುಂಡು ಮಾಡಿದರು, ಅರ್ಧ ಒಪ್ಪಿಕೊಂಡರು, ಅರ್ಧಕ್ಕೆ ಸವಾಲು ಹಾಕಿದರು. 'ನನ್ನ ವಯಸ್ಸು ಅರವತ್ತು ದಾಟಿದೆ, ಮಾತು ತಿರುಚುವ ಅಭ್ಯಾಸ ನನಗಿಲ್ಲ' ಎಂದು ಮುಗಿಸಿದರು.

ಮರುದಿನ ಉತ್ತರ ಬಂದಿತ್ತು. "ಕ್ಷಮಿಸಿ ಅಜ್ಜ. ಯಾರೋ ಹುಡುಗ ಅಂದುಕೊಂಡೆ. ಹಿರಿಯರ ಜೊತೆ ಹಾಗೆ ಮಾತಾಡಬಾರದಿತ್ತು. ನನಗೆ ಆಶೀರ್ವಾದ ಮಾಡಿ, ಮುಂದಿನ ತಿಂಗಳು ನನ್ನ ಮದುವೆ."

ಅಗಾಯ್ ಕುರ್ಚಿಯಿಂದ ಎದ್ದು, ಕಂಬಳಿಯ ಟೋಪಿ ತಲೆಗಿಟ್ಟು, ನೇರ ಮಸೀದಿಗೆ ನಡೆದರು. ಇನ್ನು ಉಳಿದದ್ದು ಇಮಾಮನೊಬ್ಬನೇ. ಓದಿದವನು, ಖಡಕ್ ಮನುಷ್ಯ. ಅವನಾದರೂ ರೇಗದೆ ಇರುತ್ತಾನೆಯೇ?

ಜಮೀರ್‌ಬೆಕ್ ಮಸೀದಿಯ ಹಿಂದೆ ತನ್ನ ಹಳೆಯ ಕಾರು ತೊಳೆಯುತ್ತಿದ್ದ. ಅಗಾಯ್‌ರನ್ನು ಕಂಡು ಒದ್ದೆ ಕೈ ಒರೆಸಿಕೊಂಡು ಎರಡೂ ಕೈಯಲ್ಲಿ ಕೈ ಹಿಡಿದ.

"ನನ್ನ ಬ್ಲಾಗು ಓದಿದೀಯಾ?"

"ಓದಿದೆ ಅಗಾಯ್."

"ಮತ್ತೆ?"

"ಮೂರನೇ ಬರಹದಲ್ಲಿ ಒಂದು ಕಡೆ ಪ್ರಾರ್ಥನೆಯ ಅನುವಾದ ಸ್ವಲ್ಪ ಆಚೀಚೆ ಆಗಿದೆ. ಹೇಳೋಣ ಅಂತಿದ್ದೆ, ನೀವೇನು ಅಂದ್ಕೋತೀರೋ ಅಂತ..."

"ಅದಲ್ಲ ಮಾರಾಯಾ! ನಂಬದೇ ಇರೋನು ನಿನ್ನ ಊರಿನ ಹೆಣಗಳ ಮೇಲೆ ಓದ್ತಾ ತಿರುಗ್ತಿದಾನೆ. ನಿನಗೆ ಏನೂ ಅನ್ಸಲ್ವಾ? ತಡೀಬೇಕು ಅನ್ಸಲ್ವಾ?"

ಜಮೀರ್‌ಬೆಕ್ ಬಟ್ಟೆ ಹಿಂಡಿದ. ಅದನ್ನು ಬಾನೆಟ್ ಮೇಲೆ ಹರವುತ್ತ ಹೇಳಿದ: "ನಾನು ಹೋದ್ರೆ ಬಾಟ್ಲಿ ಬಚ್ಚಿಡ್ತಾರೆ, ಮುಖ ಗಂಟು ಹಾಕ್ಕೋತಾರೆ. ನಾನು ಹೊರಡೋದನ್ನೇ ಕಾಯ್ತಿರ್ತಾರೆ. ನೀವು ಹೋದ್ರೆ ಕೂತು ಕೇಳ್ತಾರೆ. ನಿಮ್ಮ ಎದೆಯೊಳಗೆ ಏನಿದೆ ಅಂತ ನೋಡೋದು ನನ್ನ ಕೆಲಸ ಅಲ್ಲ, ಅಗಾಯ್. ಅದಕ್ಕೆ ಬೇರೆಯವನಿದಾನೆ."

"ಅವನು ಇಲ್ಲ ಅಂತಾನೇ ನಾನು ಹೇಳ್ತಿರೋದು!"

"ಸರಿ ಬಿಡಿ. ನಾಳೆ ಮೇಲಿನ ಬೀದೀಲಿ ಒಂದು ಮಣ್ಣು ಇದೆ. ನನಗೆ ಪಕ್ಕದ ಹಳ್ಳಿಗೆ ಹೋಗ್ಬೇಕು. ನೀವು ನೋಡ್ಕೋತೀರಾ?"

ಮನೆಗೆ ಬಂದು ಅಗಾಯ್ ಸೈರಕಾನ್ ಎದುರು ಇದನ್ನೆಲ್ಲ ಹೇಳಿ ಕೂಗಾಡಿದರು. ಮರುದಿನ ಬೆಳಿಗ್ಗೆ ಆಕೆ ಅವರ ಬಿಳಿ ಅಂಗಿಗೆ ಇಸ್ತ್ರಿ ಹಾಕಿ ಕುರ್ಚಿಯ ಮೇಲಿಟ್ಟರು. ಅಗಾಯ್ ಬೈದುಕೊಳ್ಳುತ್ತಲೇ ಅದನ್ನು ತೊಟ್ಟುಕೊಂಡು ಹೋದರು.

ಬುರುಲ್ಚಾ ಬಂದದ್ದು ಬೇಸಿಗೆಯ ಶುರುವಿನಲ್ಲಿ, ಬೀನ್ಸ್ ಸಸಿಗಳು ಗೇಣುದ್ದ ಆಗಿದ್ದಾಗ. ಸೊಸೆಯಂದಿರು ಆಕೆಗೆ ಬ್ಲಾಗು ಓದಿ ಹೇಳಿದ್ದರು. ಅಂಗಳದ ಜಗಲಿಯಲ್ಲಿ ಸೈರಕಾನ್ ಹಾಸಿದ ಬಟ್ಟೆಯ ಮುಂದೆ ಕೂತು, ರೊಟ್ಟಿಯ ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡರು. ಅಷ್ಟೂ ಮಾಡದಿದ್ದರೆ ಸಂಬಂಧವೇ ಮುರಿದ ಹಾಗೆ. ಚಹಾದ ಬಟ್ಟಲನ್ನು ಮಾತ್ರ ಮುಟ್ಟಲಿಲ್ಲ.

"ನಾನು ಓದು ಅಂದೆ ಅಂತ ಊರಿಗೆಲ್ಲ ಬರ್ದಿದೀರಿ."

"ಸುಳ್ಳು ಬರೀಲಿಲ್ಲ, ಬುರುಲ್ಚಾ."

"ಸುಳ್ಳು ಅಂದ್ನಾ ನಾನು? ಅವರು ನಿಮಗೊಬ್ಬರಿಗೇ ಹೇಳಿದ್ರಾ, ಓದಿಸ್ಬೇಡಿ ಅಂತ? ನನಗೂ ಹೇಳಿದ್ರು. ಊಟಕ್ಕೆ ಕೂತಾಗ, ಮಲಗೋವಾಗ, ತಲೆ ಕೆಟ್ಟುಹೋಗೋ ಅಷ್ಟು ಸಲ ಹೇಳಿದ್ರು. ಅವತ್ತು ಹೊರಗೆ ಅವರ ಅಣ್ಣತಮ್ಮಂದಿರು, ಬೀಗರು, ಇಡೀ ಬೀದಿ ನಿಂತಿತ್ತು. ಓದಿಸ್ದೇ ಹಾಗೇ ಎತ್ಕೊಂಡು ಹೋಗಿ ಅಂದಿದ್ರೆ ನನ್ನ ಸೊಸೆಯಂದಿರ ಗತಿ ಏನು, ಮೊಮ್ಮಕ್ಕಳ ಗತಿ ಏನು? ಅವರು ಹೋದ್ರು. ಈ ಬೀದೀಲಿ ಇರ್ಬೇಕಾದೋಳು ನಾನು."

ಅಗಾಯ್ ತಲೆ ತಗ್ಗಿಸಿದರು. "ನನಗೆ ಗೊತ್ತು. ಅದಕ್ಕೇ ನಾನೂ..."

"ನಿಮಗೆ ಗೊತ್ತಿಲ್ಲ," ಬುರುಲ್ಚಾ ದನಿ ಎತ್ತರಿಸಿದರು. "ನಾನು ಕೇಳಿದೆ, ಸರಿ. ನೀವು ಆಗಲ್ಲ ಅನ್ಬಹುದಿತ್ತು. ನೀವು ಗಂಡಸು, ಮೇಷ್ಟ್ರು, ಅವರ ಗೆಳೆಯ. ನೀವು ಆಗಲ್ಲ ಅಂದಿದ್ರೆ ಬೈಗಳು ನಿಮ್ಮ ಮೇಲೆ ಬೀಳ್ತಿತ್ತು, ನಾನು ಉಳ್ಕೋತಿದ್ದೆ. ನೀವು ಆಗಲ್ಲ ಅಂತೀರೇನೋ ಅಂತ ನಿಮ್ಮ ಮುಖಾನೇ ನೋಡ್ತಿದ್ದೆ ನಾನು. ನೀವು ಮಂಡಿ ಊರಿಬಿಟ್ರಿ. ಧೈರ್ಯ ಸಾಲಲಿಲ್ಲ, ಅಷ್ಟೇ. ಈಗ ಅದಕ್ಕೆ ವೈರುಧ್ಯ ಅಂತ ದೊಡ್ಡ ಹೆಸರು ಇಟ್ಕೊಂಡು ಕೂತಿದೀರಿ."

ಚಳಿಗಾಲವೆಲ್ಲ ಒಬ್ಬ ಎದುರಾಳಿಗಾಗಿ ಕಾದಿದ್ದ ಅಗಾಯ್ ಕನ್ನಡಕ ತೆಗೆದು ಒರೆಸತೊಡಗಿದರು. ಸೈರಕಾನ್ ಚಹಾದ ಪಾತ್ರೆಯನ್ನು ಆಚೆಗೆ ಸರಿಸಿ ಈಚೆಗೆ ಸರಿಸಿದರು.

"ಅದನ್ನ ತೆಗೀರಿ," ಬುರುಲ್ಚಾ ಎದ್ದರು. "ವರ್ಷದ ಊಟ ಬರೋ ತಿಂಗಳೇ ಮಾಡ್ತಿದೀವಿ, ಕೊಯ್ಲು ಬಂದ್ರೆ ಯಾರಿಗೂ ಪುರುಸೊತ್ತಿರಲ್ಲ. ಬನ್ನಿ. ಈ ಸಲ ಓದ್ಬೇಡಿ. ಯಾರು ಏನೇ ಅಂದ್ರೂ ಸುಮ್ನೆ ಕೂತಿರಿ. ಅವರಿಗೆ ಅಷ್ಟಾದ್ರೂ ಆಗ್ಲಿ."

ಆಕೆ ಗೇಟು ದಾಟುವ ಮೊದಲೇ ಅಗಾಯ್ ಕಂಪ್ಯೂಟರಿನ ಮುಂದೆ ಕೂತು ಆ ಮೊದಲ ಬರಹವನ್ನು ಅಳಿಸಿದರು. ಉಳಿದವೆಲ್ಲ ಅದಕ್ಕೆ ಕಟ್ಟಿದ ಬಾಲಗಳು. ತಲೆಯೇ ಹೋದ ಮೇಲೆ ಅವುಗಳಿಗೆ ಅರ್ಥವಿರಲಿಲ್ಲ. ಆದರೂ ಜನ ಅವುಗಳ ಕೆಳಗೆ ಓದಲು ಬರುವ ದಿನಾಂಕ ಕೇಳುತ್ತಲೇ ಇದ್ದರು.

ವರ್ಷದ ಊಟದ ದಿನ ಅಂಗಳ ತುಂಬಿತ್ತು. ಕುದುರೆ ಮಾಂಸ ದೊಡ್ಡ ಹಂಡೆಗಳಲ್ಲಿ ಬೆಂದು ಬೀದಿಯ ತುದಿಯವರೆಗೂ ವಾಸನೆ ಬರುತ್ತಿತ್ತು. ಇಮಾಮ ಆ ದಿನ ಬೇರೊಂದು ಊರಿನಲ್ಲಿದ್ದ. ಎಲ್ಲರೂ ಕೂತ ಮೇಲೆ, ಹಿರಿಯರೊಬ್ಬರು "ಅಗಾಯ್, ಶುರು ಮಾಡಿ" ಎಂದರು.

"ನಾನು ಓದಲ್ಲ," ಎಂದರು ಅಗಾಯ್. ಇಷ್ಟು ವರ್ಷಗಳಲ್ಲಿ ಮೊದಲ ಸಲ ಆ ಮಾತು ಹೊರಬಿದ್ದಿತ್ತು. ಮೈ ಹಗುರಾಯಿತು.

"ಗಂಟಲು ಕೆಟ್ಟಿದೆಯಾ?"

"ಗಂಟಲು ಚೆನ್ನಾಗಿದೆ. ಓದಲ್ಲ, ಅಷ್ಟೇ."

ಗುಸುಗುಸು ಶುರುವಾಯಿತು. ಯಾರೋ "ಬ್ಲಾಗು ಬರೆದು ದೊಡ್ಡ ಮನುಷ್ಯ ಆಗ್ಬಿಟ್ಟ" ಅಂದರು. ಅಗಾಯ್ ಅಲ್ಲಾಡಲಿಲ್ಲ. ಹೆಂಗಸರ ಸಾಲಿನಿಂದ ಬುರುಲ್ಚಾ ಒಮ್ಮೆ ಇವರ ಕಡೆ ನೋಡಿದರು, ಮೆಲ್ಲಗೆ ತಲೆಯಾಡಿಸಿದರು. ಕೊನೆಗೆ ಎಸೆನ್‌ಕುಲ್ ಅವರ ಭಾವಮೈದ, ಬಸ್ಸು ಓಡಿಸುತ್ತಿದ್ದ ಬೆಕ್ತೆಮಿರ್, "ನಾನೇ ಓದ್ತೀನಿ, ಏನು ಮಹಾ" ಎಂದು ಮಂಡಿಯೂರಿದ.

ಎರಡು ಸಾಲು ಸರಿಯಾಗಿಯೇ ಹೋಯಿತು. ಮೂರನೆಯದರಲ್ಲಿ ಒಂದು ಮಾತು ಬಿಟ್ಟ. ಅಗಾಯ್ ಕೆಮ್ಮಿದರು. ಬೆಕ್ತೆಮಿರ್ ಗಾಬರಿಯಾಗಿ ಮತ್ತೆ ಮೊದಲಿಗೆ ಹೋದ, ಮತ್ತೆ ಅಲ್ಲೇ ಎಡವಿದ, ಅಲ್ಲಿಂದ ಇನ್ಯಾವುದೋ ಪ್ರಾರ್ಥನೆಯ ನಡುವಿಗೆ ಹಾರಿದ. ಯಾರಿಗೂ ಗೊತ್ತಾಗಲಿಲ್ಲ, ಎಲ್ಲರೂ ಕೈ ಬಿಚ್ಚಿ ಕಣ್ಣು ಮುಚ್ಚಿ ಕೂತಿದ್ದರು. ಅಗಾಯ್‌ಗೆ ಮಾತ್ರ ತಡೆಯಲಾಗಲಿಲ್ಲ. ತಪ್ಪು ಒಪ್ಪಿಸುವ ವಿದ್ಯಾರ್ಥಿಯ ಮುಂದೆ ಸುಮ್ಮನೆ ಕೂತು ಅವರಿಗೆ ಅಭ್ಯಾಸವಿರಲಿಲ್ಲ. ಬಿಟ್ಟ ಮಾತನ್ನು ಮೆಲ್ಲಗೆ ಎತ್ತಿಕೊಟ್ಟರು. ಬೆಕ್ತೆಮಿರ್ ಅದನ್ನು ಹಿಡಿದು ಮುಂದೆ ಹೋದ, ಮತ್ತೆ ನಿಂತ. ಅಗಾಯ್ ಮುಂದಿನ ಸಾಲು ಕೊಟ್ಟರು. ಮತ್ತೆ ನಿಂತ. ಆಮೇಲೆ ಅವನು ಕೃತಜ್ಞತೆಯಿಂದ ಬಾಯಿ ಮುಚ್ಚಿಯೇಬಿಟ್ಟ. ಅಗಾಯ್ ಓದುತ್ತ ಓದುತ್ತ ಕೊನೆ ಮುಟ್ಟಿಸಿದರು, ಸ್ವರ ಎಳೆಯುವ ಕಡೆ ಎಳೆದು, ನಿಲ್ಲುವ ಕಡೆ ನಿಂತು.

ಎಲ್ಲರೂ ಅಂಗೈಯಿಂದ ಮುಖ ಸವರಿಕೊಂಡರು. ಹಿರಿಯರು, "ಈಗ ಸರಿಹೋಯ್ತು" ಎಂದರು.

ಅಗಾಯ್ ಹೆಂಗಸರ ಕಡೆ ನೋಡುವ ಧೈರ್ಯ ಮಾಡಲಿಲ್ಲ. ಬುರುಲ್ಚಾ ತಾವಾಗಿ ಬಂದು ಅವರ ಪಾಲಿನ ಮಾಂಸವನ್ನು ಚೀಲಕ್ಕೆ ಹಾಕಿ ಕೈಗಿಟ್ಟರು. ಸಿಟ್ಟು ಮಾಡಿಕೊಂಡಂತಿರಲಿಲ್ಲ. "ಪಾಪ, ಆದಷ್ಟು ಹೊತ್ತು ಕೂತಿದ್ರಿ" ಎಂದರು. ಅಗಾಯ್‌ಗೆ ಬೈಗಳಿಗಿಂತ ಆ ಮಾತೇ ಹೆಚ್ಚು ಚುಚ್ಚಿತು.

ಮನೆಗೆ ಬಂದು ಚೀಲವನ್ನು ಸೈರಕಾನ್ ಕೈಗೆ ಕೊಟ್ಟು, ಅಂಗಿಯನ್ನೂ ಬದಲಿಸದೆ ಕಂಪ್ಯೂಟರು ಹಾಕಿದರು. ಬೆರಳಿಟ್ಟರು. "ನಾನು ಇವತ್ತು ಓದಲಿಲ್ಲ" ಎಂದು ಒತ್ತಿದರು. ನೋಡಿದರು. ಸುಳ್ಳು. ಅಳಿಸಿದರು. "ನಾನು ಇವತ್ತು ಓದಿದೆ" ಎಂದು ಒತ್ತಿದರು. ಅದೂ ಪೂರ್ತಿ ನಿಜ ಅನ್ನಿಸಲಿಲ್ಲ. ಅದನ್ನೂ ಅಳಿಸಿದರು. ಹೊರಗೆ ಪಕ್ಕದ ಮನೆಯವನು ಬೇಲಿಯಾಚೆಯಿಂದ ಕೂಗುತ್ತಿದ್ದ: "ಅಗಾಯ್! ಕಾಲುವೆ ನೀರಿನ ಸರದಿ ನಿಮ್ದು. ಬಿಟ್ಕೋತೀರೋ, ನಾನೇ ತಿರುಗಿಸ್ಕೊಳ್ಳೋದೋ?"

"ಬಂದೆ ಕಣಯ್ಯಾ, ಬಂದೆ! ಮುಟ್ಟಬೇಡ!" ಎಂದು ಕಿರುಚಿ ಅಗಾಯ್ ಗುದ್ದಲಿ ಎತ್ತಿಕೊಂಡರು. ಬಿಳಿ ಅಂಗಿಯಲ್ಲೇ ಬೀನ್ಸ್ ಹೊಲಕ್ಕಿಳಿದು, ಒಂದೊಂದೇ ಸಾಲಿನ ಬಾಯಿ ಬಿಡಿಸುತ್ತ, ಮಣ್ಣಿಗೂ ನೀರಿಗೂ ಬೆಕ್ತೆಮಿರನಿಗೂ ತಮಗೂ ಒಟ್ಟಿಗೆ ಬೈಯುತ್ತ, ಹೊತ್ತು ಮುಳುಗುವವರೆಗೂ ನೀರು ಕಟ್ಟಿದರು.